ಹನ್ನೊಂದು ದೇಶ, ಒಂದು ಗೇಟು

ನೆವಿಲ್: ಆ ಫೋಟೋ ತೆಗೆ ಅಂದೆ.

ಗ್ಲೆನಿಸ್: ತೆಗೆದಾಯ್ತಲ್ಲ, ಸೆಪ್ಟೆಂಬರಲ್ಲೇ. ಆಸ್ಟ್ರಿಯಾದಲ್ಲಿ. ಬಸ್ಸಿನ ಕಿಟಕಿಯಿಂದ ನಾನೇ ತೆಗೆದೆ.

ನೆವಿಲ್: ತೆಗೆದದ್ದನ್ನ ತೆಗೆ ಅಂತಿದೀನಿ.

ಗ್ಲೆನಿಸ್: ಇರೋ ಫೋಟೋದಲ್ಲಿ ಅಲುಗಾಡದೆ ಬಂದಿರೋದು ಅದೊಂದೇ. ತೆಗೆಯೋ ಮಾತೇ ಇಲ್ಲ. ಇವತ್ತು ಹಾಕೇ ಹಾಕ್ತೀನಿ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲೇ ಟೀ ಜೊತೆ ತಿನ್ನುವ ಸ್ಕೋನ್ ಬನ್ನುಗಳ ಹಿಟ್ಟಿನ ಬೋಗುಣಿ. ಗ್ಲೆನಿಸ್ ಒಂದು ಕೈಯಿಂದ ಹಿಟ್ಟು ಕಲಸುತ್ತಾ ಇನ್ನೊಂದು ಕೈಯ ಕಿರುಬೆರಳಿನಿಂದ ಫೋಟೋ ಸರಿಸುತ್ತಿದ್ದಳು. ಮಧ್ಯಾಹ್ನ ಎರಡು ಗಂಟೆಗೆ ಕುರಾಬಿನ್ ಊರಿನ ಹಾಲ್‌ನಲ್ಲಿ ಮಹಿಳಾ ಸಂಘದ ಕಾರ್ಯಕ್ರಮವಿತ್ತು. ಗ್ಲೆನಿಸ್ ಮತ್ತು ನೆವಿಲ್ ಯುರೋಪನ್ನು ನೋಡಿ ಬಂದ ಬಗೆ, ಹನ್ನೊಂದು ದೇಶ, ಐವತ್ತೆರಡು ದಿನ, ಜೊತೆಗೆ ಟೀ. ಅರವತ್ತು ಕುರ್ಚಿ ಹಾಕಿದ್ದರು. ಆ ಹಾಲ್‌ನಲ್ಲಿ ಹಿಂದೊಮ್ಮೆ ಅಷ್ಟು ಕುರ್ಚಿ ಹಾಕಿದ್ದು ಹಾವು ಹಿಡಿಯುವವನು ಬಂದು ಮಾತಾಡಿದಾಗ. ಅವನು ಹಾವನ್ನೂ ತಂದಿದ್ದ.

ಗಂಡ ನೆವಿಲ್ ಬಾಗಿಲಿನ ಹತ್ತಿರ ಸಾಕ್ಸ್ ಹಾಕಿಕೊಂಡು ನಿಂತಿದ್ದ. ವಯಸ್ಸು ಎಪ್ಪತ್ತಮೂರು. ಕುರಿ ಸಾಕಿ ಬಾಳಿದವನು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಬೆಳಿಗ್ಗೆಯಿಂದ ಬಲು ಕಷ್ಟಪಟ್ಟು ಹೇಳುತ್ತಿದ್ದ. ಮೊದಲು ಆ ಫೋಟೋ ಮಸುಕಾಗಿದೆ ಎಂದ. ಆಮೇಲೆ ಹಸುಗಳ ತಳಿ ಅಷ್ಟು ಚೆನ್ನಾಗಿಲ್ಲ ಎಂದ. ಆಮೇಲೆ ಫೋಟೋಗಳು ಜಾಸ್ತಿಯಾದವು, ಜನ ನಿದ್ದೆ ಹೊಡೀತಾರೆ ಎಂದ. ಅಲ್ಲಿಗೆ ಸಿಕ್ಕಿಬಿದ್ದ.

ಗ್ಲೆನಿಸ್: ಜಾಸ್ತಿ ಆಗಿರೋದು ಯಾರದ್ದು? ಮುನ್ನೂರ ಹನ್ನೆರಡು ಫೋಟೋ ತೆಗೆದಿದೀಯ. ಅದರಲ್ಲಿ ಮುನ್ನೂರು ಗೇಟು. ಮಿಕ್ಕ ಹನ್ನೆರಡು ಬೇಲಿ ಕಂಬ.

ನೆವಿಲ್: ಒಂದರಲ್ಲಿ ನೀನಿದೀಯ.

ಗ್ಲೆನಿಸ್: ಕಂಬದ ಎತ್ತರ ಗೊತ್ತಾಗಲಿ ಅಂತ ನೀನೇ ನನ್ನನ್ನ ನಿಲ್ಲಿಸಿದ್ದೆ. ಪ್ಯಾರಿಸಲ್ಲಿ ಇಡೀ ಬಸ್ಸು ಕತ್ತು ಎತ್ತಿ ಗೋಪುರ ನೋಡ್ತಿದ್ರೆ, ನೀನು ಮಂಡಿಯೂರಿ ಪಾರ್ಕಿನ ಗೇಟಿನ ಕೀಲು ನೋಡ್ತಿದ್ದೆ. ಪೊಲೀಸಿನೋನು ಬಂದು ಏನು ಕಳಕೊಂಡ್ರಿ ಅಂತ ಕೇಳಿದ.

ನೆವಿಲ್: ಇನ್ನೂರು ವರ್ಷದ ಕೀಲು, ಒಂದು ಚೂರು ಕಿರುಗುಟ್ಟಲ್ಲ. ಗೋಪುರದ ಲಿಫ್ಟು ಹೇಗೆ ಕಿರುಗುಟ್ತು, ಕೇಳಿಸ್ಕೊಂಡ್ಯಾ?

ಗ್ಲೆನಿಸ್: ರೋಮಲ್ಲಿ ಎರಡು ಸಾವಿರ ವರ್ಷದ ಕಟ್ಟಡ ತೋರಿಸಿದ್ರು. ಗೈಡಮ್ಮ ಕಣ್ಣಲ್ಲಿ ನೀರು ತಂದ್ಕೊಂಡು ಹೇಳ್ತಿದ್ಲು. ನೀನೇನಂದೆ?

ನೆವಿಲ್: ಇದ್ದದ್ದನ್ನೇ ಅಂದೆ. ಎಂಬತ್ತು ದಾರಿ ಬಿಟ್ಟಿದಾರೆ ಒಳಗೆ ಬರೋಕೆ, ಒಂದಕ್ಕೂ ಗೇಟಿಲ್ಲ. ಹಾಗಿದ್ರೆ ಸಾಮ್ರಾಜ್ಯ ಉಳಿಯೋದಾದ್ರೂ ಹೇಗೆ?

ಗ್ಲೆನಿಸ್: ವಾಲಿದ ಗೋಪುರದ ಮುಂದೆ ನಿಂತು?

ನೆವಿಲ್: ಅಡಿಪಾಯದ ಗುಂಡಿ ಆಳ ಸಾಲದು. ಡೆಸ್ ಆಗಿದ್ರೆ ಇನ್ನೂ ಒಂದು ಮೊಳ ತೋಡ್ತಿದ್ದ.

ಹೆಸರು ಬಾಯಿಂದ ಜಾರಿತ್ತು. ನೆವಿಲ್ ತಕ್ಷಣ ಕೆಮ್ಮಿದ. ಗ್ಲೆನಿಸ್ ಹಿಟ್ಟು ಕಲಸುವುದನ್ನು ನಿಲ್ಲಿಸಿದಳು. ಒಂಬತ್ತು ವರ್ಷಗಳ ನಂತರ ಆ ಮನೆಯಲ್ಲಿ ಆ ಹೆಸರು ಗಂಡನ ಬಾಯಲ್ಲಿ ಬಂದದ್ದು ಇದೇ ಮೊದಲು.

ಡೆಸ್ ಎಂದರೆ ಗ್ಲೆನಿಸ್‌ಳ ತಮ್ಮ. ಬೇಲಿ ಹಾಕುವುದು ಅವನ ಕಸುಬು. ಸುತ್ತಮುತ್ತ ನೂರಾರು ಮೈಲಿ ನೆಟ್ಟಗೆ ನಿಂತಿರುವ ಬೇಲಿ ಕಂಡರೆ ಅದು ಡೆಸ್ ಹಾಕಿದ್ದು ಎಂದು ಕಣ್ಣುಮುಚ್ಚಿ ಹೇಳಬಹುದು. ಭಾವ, ಭಾವಮೈದುನ ಒಂದು ಕಾಲದಲ್ಲಿ ಒಂದೇ ಪ್ರಾಣ. ಒಂಬತ್ತು ವರ್ಷದ ಹಿಂದೆ, ಜುಲೈನಲ್ಲಿ, ಹೊಳೆಯ ಪಕ್ಕದ ಹೊಲದಲ್ಲಿ ಡೆಸ್ ತಂತಿ ಎಳೆಯುತ್ತಿದ್ದ ದಿನ ಯಾರೋ ಆ ಹೊಲದ ಗೇಟು ಹಾಕದೆ ಬಿಟ್ಟರು. ಅತ್ತ ಕಡೆಯಿದ್ದ ಟಗರುಗಳು ಇತ್ತ ಕಡೆಯಿದ್ದ ಎಳೆಯ ಹೆಣ್ಣುಕುರಿಗಳ ನಡುವೆ ಬಂದು ಎರಡು ದಿನ ಅತಿಥಿಗಳಾಗಿ ಇದ್ದವು. ಹಾಕಬೇಕಾದ ಗೇಟು ಹಾಕದ್ದರಿಂದ, ಹಾಕಬಾರದ ಕಾಲದಲ್ಲಿ ಕುರಿಗಳು ಮರಿ ಹಾಕಿದವು, ಆ ಸೀಮೆಗೆ ನಡುಬೇಸಿಗೆಯಾದ ಡಿಸೆಂಬರಿನ ಉರಿಬಿಸಿಲಿನಲ್ಲಿ.

ಆ ಸೀಮೆಯಲ್ಲಿ ಕೂಸು ಕಲಿಯುವ ಮೊದಲ ಪಾಠವೇ ಗೇಟಿನದು. ಹೇಗಿತ್ತೋ ಹಾಗೇ ಬಿಡಬೇಕು. ತೆಗೆದಿದ್ದರೆ ತೆಗೆದೇ, ಹಾಕಿದ್ದರೆ ಹಾಕಿ. ಮಿಕ್ಕ ಪಾಪಗಳಿಗೆ ಚರ್ಚಿನಲ್ಲಿ ಪರಿಹಾರವಿದೆ, ಇದಕ್ಕಿಲ್ಲ. ನಾನು ಗೇಟು ಮುಟ್ಟಿಯೇ ಇಲ್ಲ, ಹೊಳೆಯ ಕಡೆಯಿಂದಲೇ ಬಂದೆ ಎಂದು ಡೆಸ್ ಹೇಳಿದ. ಅವತ್ತು ನಾನು ಊರಲ್ಲೇ ಇರಲಿಲ್ಲ, ಹೊಲದಲ್ಲಿ ಇದ್ದವನು ನೀನೊಬ್ಬನೇ, ನಿನ್ನ ಅಕ್ಕ ಹತ್ತೂವರೆಗೆ ಅಷ್ಟು ದೂರ ಟೀ, ಕೇಕು ತಂದುಕೊಟ್ಟಳಲ್ಲ, ಆ ಉಪಕಾರಕ್ಕಾದರೂ ಗೇಟು ಹಾಕಬಾರದಿತ್ತೇ ಎಂದು ನೆವಿಲ್ ಹೇಳಿದ. ಅದನ್ನು ಊರಿನ ಅದೇ ಹಾಲ್‌ನಲ್ಲಿ, ಕ್ರಿಸ್‌ಮಸ್ ಊಟದ ದಿನ, ಎಲ್ಲರ ಮುಂದೆ ಹೇಳಿದ, ಗೇಟು ಹಾಕದವನ ಜೊತೆ ಮಾತಿಲ್ಲ ಎಂದೂ ಸೇರಿಸಿದ. ಅಲ್ಲಿಗೆ ಇಬ್ಬರ ಬಾಯಿಗೂ ಬೀಗ ಬಿತ್ತು.

ಗ್ಲೆನಿಸ್: ಡೆಸ್ ಇನ್ನು ಹತ್ತು ನಿಮಿಷಕ್ಕೆ ಇಲ್ಲಿರ್ತಾನೆ.

ನೆವಿಲ್: ಎಲ್ಲಿ?

ಗ್ಲೆನಿಸ್: ಇಲ್ಲಿ. ಈ ಅಡುಗೆಮನೇಲಿ. ಹಾಲ್‌ನ ಪ್ರೊಜೆಕ್ಟರ್ ಕೆಟ್ಟಿದೆ. ಊರಲ್ಲಿ ಇನ್ನೊಂದು ಇರೋದು ಅವನ ಹತ್ರ ಮಾತ್ರ. ತರ್ತಾನೆ. ಕಾರ್ಯಕ್ರಮಕ್ಕೂ ಬರ್ತಾನೆ.

ನೆವಿಲ್: ಹಾಗಾದ್ರೆ ಆ ಫೋಟೋ ಖಂಡಿತ ತೆಗೆ.

ಗ್ಲೆನಿಸ್ ಕೈ ಒರೆಸಿಕೊಂಡು ಕನ್ನಡಕ ಏರಿಸಿ ಫೋಟೋವನ್ನು ದೊಡ್ಡದು ಮಾಡಿದಳು. ಆಸ್ಟ್ರಿಯಾದ ಬೆಟ್ಟದ ಕೆಳಗಿನ ಪುಟ್ಟ ಊರು. ರಸ್ತೆಯ ತುಂಬ ಹಸುಗಳು. ಮುಂದೆ ಒಬ್ಬಳು ದಷ್ಟಪುಷ್ಟ ಹೆಂಗಸು, ಎದೆಗೆ ಬಿಗಿದ ಕಸೂತಿಯ ಉಡುಪು, ಕೈಯಲ್ಲಿ ಕೋಲು.

ಗ್ಲೆನಿಸ್: ಓ. ಇವಳೋ ವಿಷಯ?

ನೆವಿಲ್: ಯಾವಳು?

ಗ್ಲೆನಿಸ್: ಈ ಕೋಲಿನೋಳು. ಅವತ್ತು ಬಸ್ಸಲ್ಲಿ ಹ್ಯಾಟು ಮುಖದ ಮೇಲೆ ಎಳ್ಕೊಂಡು ಕೂತೆ. ಮೈ ಸರಿಯಿಲ್ವೇನೋ ಅನ್ಕೊಂಡೆ. ಈ ವಯಸ್ಸಿಗೆ ಇದೆಲ್ಲ ಬೇಕಾ?

ನೆವಿಲ್: ಅಯ್ಯೋ, ಅವಳ ಮುಖ ನೋಡೋ ಧೈರ್ಯ ನನಗಿರಲಿಲ್ಲ ಕಣೆ.

ಗ್ಲೆನಿಸ್: ಹಾಗಂದ್ರೆ? ಹಿಂದಿನ ಸಂಜೆ ಬೆಟ್ಟ ಹತ್ತಿ ಬರ್ತೀನಿ ಅಂತ ಹೋಗಿ, ಎಲ್ಲರೂ ಬಂದು ಸೂಪು ಕುಡಿದ ಮೇಲೆ ಬಂದೆ. ಮಂಡಿ ನೋವು ಅಂದೆ.

ನೆವಿಲ್: ಮಂಡಿ ನೋವೇ.

ಗ್ಲೆನಿಸ್: ಅವಳ ಮನೆ ಬೆಟ್ಟದ ಮೇಲಾ?

ನೆವಿಲ್: ಇರಬಹುದು. ಅವಳ ಬದುಕು ಹಾಳು ಮಾಡಿದೋನು ನಾನೇ.

ಗ್ಲೆನಿಸ್ ಕುರ್ಚಿ ಎಳೆದುಕೊಂಡು ಕುಳಿತಳು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಕುಳಿತುಕೊಂಡು ಕೇಳಬೇಕಾದಂಥ ಮಾತು ಆಡದವನು ಇವನು.

ಗ್ಲೆನಿಸ್: ಏನು ಮಾಡಿದೆ, ಹೇಳು.

ನೆವಿಲ್: ಗೇಟು ಹಾಕಲಿಲ್ಲ.

ಅಷ್ಟು ಹೇಳಿ ನೆವಿಲ್ ತಾನೂ ಒಂದು ಕುರ್ಚಿ ಎಳೆದುಕೊಂಡು ಕುಳಿತ. ಆಮೇಲೆ ಎಲ್ಲವನ್ನೂ ಹೇಳಿದ. ಹಳದಿ ಕೊಡೆ ಹಿಡಿದ ಗೈಡಮ್ಮನ ಹಿಂದೆ ಮೂವತ್ತು ಜನ ಬೆಟ್ಟ ಹತ್ತಿದ್ದು, ದಾರಿಗೆ ಅಡ್ಡವಾಗಿ ಒಂದು ಮರದ ಗೇಟು ಇದ್ದದ್ದು, ಮಂಡಿನೋವಿನಿಂದಾಗಿ ತಾನು ಎಲ್ಲರಿಗಿಂತ ಕೊನೆಗೆ ಬಂದದ್ದು. ತಾನು ಬಂದಾಗ ಗೇಟು ತೆರೆದಿತ್ತು. ಕಂಡ ಹಾಗೇ ಬಿಟ್ಟ. ಆದರೆ ಅದನ್ನು ಮೊದಲೇ ತೆಗೆದಿಟ್ಟಿದ್ದರೋ, ಇಲ್ಲ ಮುಂದೆ ಹೋದ ಇಪ್ಪತ್ತೊಂಬತ್ತು ಜನರಲ್ಲಿ ಯಾರಾದರೂ ತೆಗೆದರೋ? ಬಸ್ಸಿನಲ್ಲಿ ಇದ್ದವರೆಲ್ಲ ದಂತವೈದ್ಯರು, ಬ್ಯಾಂಕಿನವರು. ಅವರಿಗೆ ಗೇಟಿನ ಗಂಧಗಾಳಿ ಇಲ್ಲ. ಗುಂಪಿನಲ್ಲಿ ಕೊನೆಯವನು ಮುಂದಿನವರನ್ನು ಕೇಳಿ ತಿಳಿಯಬೇಕು. ಅವನು ಕೇಳಲಿಲ್ಲ, ಸೂಪು ಆರುತ್ತದೆ ಎಂದು ಬಂದುಬಿಟ್ಟ.

ನೆವಿಲ್: ಬೆಳಿಗ್ಗೆ ಬಸ್ಸು ಹೊರಡೋ ಹೊತ್ತಿಗೆ ನೋಡ್ತೀನಿ, ಬೆಟ್ಟದ ಮೇಲಿದ್ದ ನಲವತ್ತು ಹಸು ರಸ್ತೇಲಿ. ಅದೂ ಭಾನುವಾರ. ಪಾಪ, ಆ ಹೆಂಗಸು ಚರ್ಚಿಗೆ ಅಂತ ಒಳ್ಳೆ ಬಟ್ಟೆ ಹಾಕೊಂಡು ಹೊರಟಿದ್ದೋಳು, ಅದರಲ್ಲೇ ಕೋಲು ಹಿಡಿದು ದನ ಅಟ್ಟೋ ಹಾಗಾಯ್ತು.

ಗ್ಲೆನಿಸ್: ಹಸುಗಳ ತಲೆ ಮೇಲೆ ಹೂವಿತ್ತಲ್ಲ.

ನೆವಿಲ್: ಇರದೆ ಏನು? ಒಂದು ಕಿಟಕಿಯ ಹೂಕುಂಡ ಬಿಟ್ಟಿಲ್ಲ. ಎಲ್ಲಾ ಕಡೆ ತಲೆ ತೂರಿಸಿವೆ. ಒಂದರ ಕೊಂಬಿಗೆ ಕನ್ನಡಿ ಸಿಕ್ಕಿಕೊಂಡಿತ್ತು ಕಣೆ. ಕನ್ನಡಿ. ಯಾರದ್ದೋ ಬಚ್ಚಲುಮನೆಗೇ ನುಗ್ಗಿದೆ.

ಗ್ಲೆನಿಸ್: ಜನ ಚಪ್ಪಾಳೆ ತಟ್ಟುತ್ತಿದ್ರು.

ನೆವಿಲ್: ಬೆದರಿಸೋಕೆ. ನಾವೂ ತಟ್ಟಲ್ವಾ?

ಗ್ಲೆನಿಸ್: ಬ್ಯಾಂಡು?

ನೆವಿಲ್: ಚಪ್ಪಾಳೆಗೆ ಬಗ್ಗಲಿಲ್ಲ, ಕೊನೆಗೆ ತುತ್ತೂರಿನೋರನ್ನ ಕರೆಸಿದಾರೆ. ನಾನು ಕಿವಿಯ ಮಷೀನು ಆರಿಸಿ, ಹ್ಯಾಟು ಎಳ್ಕೊಂಡೆ. ಆಮೇಲೆ ಇಟಲಿ ಬರೋ ತನಕ ತೆಗೆಯಲಿಲ್ಲ.

ಗ್ಲೆನಿಸ್ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಎದ್ದು ಒಲೆಯ ಕಡೆ ಹೋಗಿ ಗಂಡನಿಗೆ ಬೆನ್ನು ಹಾಕಿ, ಕುದಿಯದೇ ಇರುವ ಕೆಟಲನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಅವಳ ಭುಜಗಳು ಅಲುಗುತ್ತಿದ್ದವು. ಅಳಿಸಿಬಿಟ್ಟೆನಲ್ಲ ಎಂದುಕೊಂಡ ನೆವಿಲ್.

ನೆವಿಲ್: ಬಿಡು, ಅಳಬೇಡ. ಅವರಿಗೆ ಕಾಗದ ಬರೀತೀನಿ.

ಗ್ಲೆನಿಸ್ ಕಣ್ಣು ಒರೆಸಿಕೊಂಡು ತಿರುಗಿದಳು. ಆಸ್ಟ್ರಿಯಾದ ಮಾತು ಆಸ್ಟ್ರಿಯಾಕ್ಕಿರಲಿ, ಇಲ್ಲಿಯದನ್ನು ಮೊದಲು ನೋಡು ಎಂದಳು. ಗೇಟು ಹಾಕದವನ ಜೊತೆ ಮಾತಿಲ್ಲ ಎಂದು ಊರೆದುರು ಹೇಳಿದವನು ಈಗ ತಾನೇ ಗೇಟು ಹಾಕದವನಾಗಿದ್ದಾನೆ. ಹಾಗಾದರೆ ಡೆಸ್‌ನ ಜೊತೆ ಮಾತಾಡಬೇಕು, ಇಲ್ಲವೇ ತನ್ನ ಜೊತೆಗೇ ಮಾತು ಬಿಡಬೇಕು. ಫೋಟೋ ತೆಗೆಯುವುದಿಲ್ಲ. ಎರಡು ಗಂಟೆಯೊಳಗೆ ಡೆಸ್‌ಗೆ ನೀನಾಗಿ ಹೇಳದಿದ್ದರೆ, ಮೈಕಿನಲ್ಲಿ ನಾನು ಹೇಳುತ್ತೇನೆ ಎಂದು ಮುಗಿಸಿದಳು.

ನೆವಿಲ್: ಅವನ ಮುಂದೆ ತಲೆ ತಗ್ಗಿಸು ಅಂತೀಯಾ?

ಗ್ಲೆನಿಸ್: ಆ ಮುನ್ನೂರು ಗೇಟು ಯಾರಿಗೆ ತೋರಿಸೋಕೆ ತೆಗೆದೆ ನೆವಿಲ್?

ನೆವಿಲ್: ಸುಮ್ನೆ.

ಗ್ಲೆನಿಸ್: ಹಾಲೆಂಡಲ್ಲಿ ಹೊಲದ ನಡುವೆ ಒಂಟಿ ಗೇಟು ನಿಂತಿತ್ತು, ಆ ಕಡೆ ಈ ಕಡೆ ಬೇಲೀನೇ ಇಲ್ಲ. ಬರೀ ಕಾಲುವೆ. ನೀನು ನಗ್ತಾ ಪಕ್ಕಕ್ಕೆ ತಿರುಗಿದೆ, ಏನೋ ಹೇಳೋಕೆ. ಪಕ್ಕದಲ್ಲಿ ಯಾರೋ ದಂತವೈದ್ಯ ಇದ್ದ. ಹಾಗೇ ಬಾಯಿ ಮುಚ್ಚಿಕೊಂಡೆ. ನಾನು ನೋಡಿದೆ.

ಅವಳು ಹೇಳಿದ್ದು ನಿಜ. ಹನ್ನೊಂದು ದೇಶದಲ್ಲೂ ನೆವಿಲ್‌ಗೆ ಹಾಗೇ ಆಗಿತ್ತು. ತಮಾಷೆಯದು ಏನು ಕಂಡರೂ ಬಲಕ್ಕೆ ತಿರುಗುವುದು, ಡೆಸ್ ಇಲ್ಲದಿರುವುದು. ಅರಮನೆ, ಚರ್ಚು, ಮೂಗು ಮುರಿದ ವಿಗ್ರಹ, ಪಟ್ಟೆ ಪಟ್ಟೆ ಪೈಜಾಮ ಹಾಕಿ ಭರ್ಜಿ ಹಿಡಿದು ನಿಂತ ಪೋಪರ ಕಾವಲುಗಾರರು, ಇವನ್ನೆಲ್ಲ ಒಬ್ಬನೇ ನೋಡಿ ನಗುವುದು ಎಂಥ ಬೇಜಾರಿನ ಕೆಲಸ ಎಂದು ಅವನಿಗೆ ಅಲ್ಲೇ ಗೊತ್ತಾಗಿತ್ತು. ಗೊತ್ತಾದದ್ದಕ್ಕೆ ಸಿಟ್ಟೂ ಬಂದಿತ್ತು.

ಗ್ಲೆನಿಸ್: ನಿನಗೆ ಗೇಟು ಅಂದ್ರೆ ದೇವರು. ನನಗೆ? ಮದುವೆಯಾದಾಗಿಂದ ನೀನು ಸ್ಟೇರಿಂಗ್ ಹಿಡಿದು ಕೂತೆ, ಪಕ್ಕದಲ್ಲಿದ್ದ ತಪ್ಪಿಗೆ ನಾನು ಇಳಿದಿಳಿದು ಗೇಟು ತೆಗೆದೆ, ಹಾಕಿದೆ. ಹದಿನೇಳು ಗೇಟು ಈ ಜಮೀನಲ್ಲಿ. ಒಬ್ಬಳೇ ಹೋದ್ರೆ ಒಂದೊಂದಕ್ಕೂ ಎರಡೆರಡು ಸಲ ಇಳೀಬೇಕು. ಯುರೋಪಲ್ಲಿ ನನಗೆ ತುಂಬ ಇಷ್ಟವಾದದ್ದು ಏನು ಗೊತ್ತಾ? ವಿಮಾನ ನಿಲ್ದಾಣದ ಬಾಗಿಲು. ಹತ್ರ ಹೋದ್ರೆ ತಾನಾಗೇ ತೆಗೆಯುತ್ತೆ. ತಾನಾಗೇ ಹಾಕ್ಕೊಳುತ್ತೆ.

ಹೊರಗೆ ಪಿಕಪ್ ಗಾಡಿಯ ಸದ್ದಾಯಿತು. ನಾಯಿ ಬೊಗಳಲಿಲ್ಲ. ಒಂಬತ್ತು ವರ್ಷವಾದರೂ ಅದು ಡೆಸ್‌ನನ್ನು ಮರೆತಿರಲಿಲ್ಲ. ಅವನು ಒಳಗೆ ಬಂದ. ಅಗಲವಾದ ಮೈ, ಕೈಯೆಲ್ಲ ತಂತಿ ಗೀರಿದ ಗುರುತು, ತೋಳಲ್ಲಿ ಮಗುವಿನ ಹಾಗೆ ಎತ್ತಿಕೊಂಡ ಪ್ರೊಜೆಕ್ಟರು. ಭಾವನ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನು ನೋಡುತ್ತಾ ನಿಂತ.

ಡೆಸ್: ಗ್ಲೆನ್, ಇದನ್ನ ಎಲ್ಲಿಡಲಿ ಅಂತ ಮನೆ ಯಜಮಾನನ್ನ ಕೇಳು.

ನೆವಿಲ್: ಗ್ಲೆನ್, ಮೇಜಿನ ಮೇಲಿಡೋಕೆ ನಿನ್ನ ತಮ್ಮಂಗೆ ಹೇಳು.

ಡೆಸ್: ಮೇಜಿನ ಮೇಲೆ ಹಿಟ್ಟಿದೆ ಅಂತ ಹೇಳು.

ನೆವಿಲ್: ಹಿಟ್ಟು ಇಲ್ಲದ ಕಡೆ ಇಡೋಕೆ ಹೇಳು.

ಡೆಸ್: ಕಣ್ಣು ಕಾಣುತ್ತೆ ಅಂತ ಹೇಳು.

ಗ್ಲೆನಿಸ್: ನನ್ನ ಗಂಟಲು ಕೆಟ್ಟಿದೆ. ಮಧ್ಯಾಹ್ನ ಮೈಕಲ್ಲಿ ಮಾತಾಡೋದಿದೆ. ಇವತ್ತು ಅಂಚೆ ಕಚೇರಿ ಮುಚ್ಚಿದೆ.

ಅವಳು ಹಿಟ್ಟಿನ ಬೋಗುಣಿ ಎತ್ತಿಕೊಂಡು ಒಲೆಯತ್ತ ಹೋದಳು. ಗಂಡಸರಿಬ್ಬರೂ ಮೇಜಿನ ಆಚೆ ಈಚೆ ನಿಂತರು. ನೆವಿಲ್ ಲ್ಯಾಪ್‌ಟಾಪನ್ನು ನಿಧಾನವಾಗಿ ಡೆಸ್‌ನ ಕಡೆ ತಿರುಗಿಸಿದ. ಹಸುಗಳ ಫೋಟೋ ಅಲ್ಲೇ ಇತ್ತು.

ನೆವಿಲ್: ಇವನ್ನ ಬಿಟ್ಟೋನು ನಾನು.

ಡೆಸ್ ಗಡಿಯಾರದಿಂದ ಕಣ್ಣು ಇಳಿಸಿದ.

ಡೆಸ್: ಎಷ್ಟು?

ನೆವಿಲ್: ನಲವತ್ತು.

ಡೆಸ್: ಗೇಟು?

ನೆವಿಲ್: ಗೇಟು.

ಡೆಸ್ ಕುರ್ಚಿ ಎಳೆದು, ಕೇಳದೆಯೇ ಕುಳಿತು, ಕನ್ನಡಕ ಹುಡುಕಿ ಹಾಕಿಕೊಂಡ. ಫೋಟೋವನ್ನು ಎಡದಿಂದ ಬಲಕ್ಕೆ ಒಂದೊಂದೇ ಹಸುವಾಗಿ ನೋಡಿದ.

ಡೆಸ್: ಅದು ಹೂಕುಂಡಾನಾ?

ನೆವಿಲ್: ಇಡೀ ಊರಿಂದು.

ಡೆಸ್: ಇದು ಕನ್ನಡಿ ಥರ ಇದೆ.

ನೆವಿಲ್: ಕನ್ನಡೀನೇ. ಯಾರದ್ದೋ ಬಚ್ಚಲುಮನೇದು.

ಡೆಸ್ ಶಿಳ್ಳೆ ಹಾಕಿದ. ಅವನ ಮುಖದ ಮೇಲೆ ಒಂಬತ್ತು ವರ್ಷದಿಂದ ಕಾದಿದ್ದ ಸಂತೋಷ ಮೂಡುವುದನ್ನು ನೆವಿಲ್ ನೋಡಬೇಕಾಯಿತು. ಡೆಸ್ ಆತುರಪಡಲಿಲ್ಲ. ಅಲ್ಲಪ್ಪಾ, ನಾನು ಟಗರು ಬಿಟ್ಟೆ ಅಂತ ಊರೆಲ್ಲ ಡಂಗುರ ಹೊಡೆಸಿದೆ, ನೀನು ಪರದೇಶಕ್ಕೆ ಹೋಗಿ ಬಚ್ಚಲುಮನೆಗೆ ಹಸು ನುಗ್ಗಿಸಿ ಬಂದೆಯಲ್ಲ ಎಂದು ತಣ್ಣಗೆ ಕೇಳಿದ. ಒಂದು ದೇಶ ನಮ್ಮ ಮೇಲೆ ಯುದ್ಧ ಸಾರಿದರೆ ಕಾರಣ ಕುರಾಬಿನ್‌ನಲ್ಲೇ ಇದೆ ಎಂದ. ನೆವಿಲ್ ಎಲ್ಲವನ್ನೂ ನುಂಗಿಕೊಂಡು ನಿಂತ. ಆಮೇಲೆ, ಹೇಳಬೇಕಾದದ್ದನ್ನು ಹೇಳಿದ.

ನೆವಿಲ್: ಅವತ್ತು ಹಾಲ್‌ನಲ್ಲಿ, ಎಲ್ಲರ ಮುಂದೆ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು. ಬಾ ಅಂತ ಕರೆಯೋಕೆ ಒಂಬತ್ತು ವರ್ಷ ನಾಲಿಗೆ ಏಳಲಿಲ್ಲ. ನೀನಿಲ್ಲದೆ ಬೇಜಾರಾಯ್ತು ಕಣೋ.

ಡೆಸ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಅದು ಮೊದಲೇ ಸ್ವಚ್ಛವಾಗಿತ್ತು.

ಡೆಸ್: ನೀನು ಸಿಕ್ಕಿದ ದಿನ ಬೈಯೋಕೆ ಅಂತ ಎಷ್ಟೊಂದು ಕೂಡಿಸಿಟ್ಟಿದ್ದೆ. ಬೇಲಿ ಹಾಕ್ತಾ ಹಾಕ್ತಾ ಒಬ್ಬನೇ ಬಾಯಿಪಾಠ ಮಾಡ್ತಿದ್ದೆ. ಈಗ ನೋಡು, ಒಂದೂ ನೆನಪಿಗೆ ಬರ್ತಿಲ್ಲ.

ನೆವಿಲ್: ನೆನಪಾದಾಗ ಬೈಯಿ.

ಡೆಸ್: ಬೈತೀನಿ. ಗೇಟು ಗೀಟು ಏನಾದ್ರೂ ನೋಡಿದ್ಯಾ ಅಲ್ಲಿ?

ಆಮೇಲೆ ಹನ್ನೆರಡೂವರೆಯವರೆಗೆ ಆ ಮೇಜಿನಿಂದ ಇಬ್ಬರೂ ಏಳಲಿಲ್ಲ. ಮುನ್ನೂರ ಹನ್ನೆರಡು ಫೋಟೋಗಳನ್ನೂ ನೋಡಿದರು. ಹಾಲೆಂಡಿನ ಬೇಲಿಯಿಲ್ಲದ ಗೇಟು ಬಂದಾಗ ಡೆಸ್ ಮೇಜು ಬಡಿದು ಬಡಿದು ನಕ್ಕ, ಸ್ಕೋನ್‌ಗಳು ತಟ್ಟೆಯಲ್ಲಿ ಕುಣಿದವು. ಅದನ್ನು ದಾಟುವ ಹಸು ಹಾಕಿ ಹೋಗುತ್ತದೋ ತೆಗೆದು ಹೋಗುತ್ತದೋ ಎಂದು ಕೇಳಿದ. ಅದೇ ಮಾತನ್ನು ನೆವಿಲ್ ಅಲ್ಲಿ ನಿಂತು ಮನಸ್ಸಿನಲ್ಲೇ ಅಂದುಕೊಂಡಿದ್ದ. ಅವನಿಗೆ ಎದೆ ಹಗುರವಾಯಿತು. ಐವತ್ತೆರಡು ದಿನದ ಪ್ರವಾಸ ಮುಗಿದದ್ದು ಈಗ ಎನಿಸಿತು.

ಎರಡು ಗಂಟೆಗೆ ಹಾಲ್ ತುಂಬಿತ್ತು. ಭಾವ, ಭಾವಮೈದುನ ಅಕ್ಕಪಕ್ಕ ಕುಳಿತದ್ದನ್ನು ನೋಡಿ ಹಿಂದಿನ ಸಾಲಿನಲ್ಲಿ ಟೀ ಚೆಲ್ಲಿದ ಸದ್ದಾಯಿತು. ಗ್ಲೆನಿಸ್ ನೀಲಿ ಉಡುಪಿನಲ್ಲಿ ವೇದಿಕೆ ಹತ್ತಿ ಪ್ಯಾರಿಸನ್ನು ಐದು ನಿಮಿಷದಲ್ಲಿ, ಸ್ವಿಟ್ಜರ್ಲೆಂಡನ್ನು ಮೂರು ನಿಮಿಷದಲ್ಲಿ ಮುಗಿಸಿದಳು. ಆಮೇಲೆ ಪರದೆಯ ತುಂಬ ಹಸುಗಳು ಬಂದವು. ಡೆಸ್ ಮೊಣಕೈಯಿಂದ ತಿವಿದ. ನೆವಿಲ್ ಬೂಟು ನೋಡಿಕೊಂಡ.

ಗ್ಲೆನಿಸ್: ಇದು ಆಸ್ಟ್ರಿಯಾದ ಹಬ್ಬ. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯೋ ಹಸುಗಳನ್ನ ಚಳಿ ಶುರುವಾಗೋ ಮೊದಲು ಊರಿಗೆ ಇಳಿಸ್ತಾರೆ. ಒಂದು ಹಸುವಿಗೂ ಕೇಡಾಗದೆ ಬೇಸಿಗೆ ಕಳೀತು ಅಂದ್ರೆ ತಲೆಗೆ ಹೂವು ಕಟ್ಟಿ, ಕನ್ನಡಿ ಕೂರಿಸಿ, ಬ್ಯಾಂಡು ಬಾರಿಸಿ ಮೆರವಣಿಗೆ. ದಾರಿಯ ಗೇಟುಗಳನ್ನ ಹಿಂದಿನ ಸಂಜೆನೇ ತೆಗೆದಿಡ್ತಾರಂತೆ. ಗೈಡಮ್ಮ ಬಸ್ಸಲ್ಲಿ ಎಲ್ಲ ಹೇಳಿದ್ಲು. ಕಿವಿಯ ಮಷೀನು ಆರಿಸಿಕೊಂಡೋರಿಗೆ ಕೇಳಿಸಲಿಲ್ಲ.

ಸಭೆ ನಕ್ಕಿತು. ನೆವಿಲ್ ಬೂಟಿನಿಂದ ತಲೆ ಎತ್ತಿದ. ಬೆಳಿಗ್ಗೆ ಕೆಟಲಿನ ಮುಂದೆ ಅಲುಗಿದ ಭುಜಗಳು ನೆನಪಾದವು. ಅದು ಅಳುವಾಗಿರಲಿಲ್ಲ.

ಡೆಸ್: (ಮೆಲ್ಲಗೆ) ಹಾಗಾದ್ರೆ ನೀನು ಗೇಟು ಕಂಡ ಹಾಗೇ ಬಿಟ್ಟಿದ್ದೆ.

ನೆವಿಲ್: ಹಾಗೇ ಬಿಟ್ಟಿದ್ದೆ.

ಡೆಸ್: ನಾನೂ ಅವತ್ತು ಗೇಟು ಮುಟ್ಟಿರಲಿಲ್ಲ ನೆವ್. ಆಣೆಗೂ.

ನೆವಿಲ್: ಈಗ ನಂಬ್ತೀನಿ.

ಡೆಸ್: ನೀನು ಊರಲ್ಲಿರಲಿಲ್ಲ.

ನೆವಿಲ್: ಇರಲಿಲ್ಲ.

ಡೆಸ್: ಹೊಲದ ಹತ್ರ ಬಂದೋರು ಯಾರೂ ಇಲ್ಲ. ಹತ್ತೂವರೆಗೆ ಟೀ ಬಂತು, ಅಷ್ಟೇ.

ಎರಡು ತಲೆಗಳೂ ನಿಧಾನವಾಗಿ ವೇದಿಕೆಯ ಕಡೆ ತಿರುಗಿದವು.

ನೆವಿಲ್‌ಗೆ ಕಿವಿಯವರೆಗೆ ಸಿಟ್ಟು ಏರಿತು. ಒಂಬತ್ತು ವರ್ಷ, ಒಂಬತ್ತು ಕ್ರಿಸ್‌ಮಸ್. ಅಷ್ಟೂ ವರ್ಷ ಅವಳು ಇಬ್ಬರಿಗೂ ಬೇರೆ ಬೇರೆ ಮನೆಯಲ್ಲಿ ಊಟ ಬಡಿಸಿ, ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಹೊತ್ತು ತಿರುಗಿದ್ದಳು. ನ್ಯಾಯವಾಗಿ ನೋಡಿದರೆ ಈಗ ಅವಳ ಜೊತೆಗೂ ಒಂಬತ್ತು ವರ್ಷ ಮಾತು ಬಿಡಬೇಕು. ಮುಗಿಯುವಾಗ ತನಗೆ ಎಂಬತ್ತೆರಡಾಗುತ್ತದೆ. ಅಲ್ಲಿಯವರೆಗೆ ಮಾತು ದಾಟಿಸಲು ಡೆಸ್ ಒಬ್ಬನೇ ಗತಿ, ಅವನೋ ಒಂದು ಮಾತು ಆಡುವುದರೊಳಗೆ ಒಂದು ಕಂಬ ನೆಡಬಹುದು. ಹೀಗೆ ಯೋಚಿಸುತ್ತಾ ಹೋದಂತೆ ಸಿಟ್ಟು ಬಂದ ದಾರಿಯಲ್ಲೇ ಇಳಿಯಿತು.

ಅಷ್ಟರಲ್ಲಿ ಗ್ಲೆನಿಸ್ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಳು. ಡೆಸ್ ಕೈ ಎತ್ತಿದ.

ಡೆಸ್: ಒಂದು ಪ್ರಶ್ನೆ. ಗೇಟು ತೆಗೆದು, ಹಾಕೋದನ್ನ ಮರೆತು ಹೋಗೋರು ಆ ದೇಶದಲ್ಲಿ ಇಲ್ವಾ?

ಗ್ಲೆನಿಸ್‌ಳ ಕೈಯಲ್ಲಿದ್ದ ರಿಮೋಟು ನಿಂತಿತು. ಮೊದಲು ತಮ್ಮನನ್ನು ನೋಡಿದಳು, ಆಮೇಲೆ ಗಂಡನನ್ನು. ಅವಳ ಕುತ್ತಿಗೆ ನಿಧಾನವಾಗಿ ಕೆಂಪಾಯಿತು. ಅರವತ್ತು ಕುರ್ಚಿಯ ಜನರಿಗೆ ಏನೂ ತಿಳಿಯಲಿಲ್ಲ.

ಗ್ಲೆನಿಸ್: ಆ ದೇಶದ್ದು ಗೊತ್ತಿಲ್ಲ. ಆದ್ರೆ ಒಂದು ಕೈಯಲ್ಲಿ ಟೀ, ಒಂದು ಕೈಯಲ್ಲಿ ಕೇಕು ಹಿಡ್ಕೊಂಡು ಹೋಗೋರಿಗೆ ಮೂರನೇ ಕೈ ಯಾವ ದೇಶದಲ್ಲೂ ಇರಲ್ಲ. ಹಾಕಿದ್ದೆ ಅನ್ಕೊಂಡಿರ್ತಾರೆ. ಆಮೇಲೆ ಹೇಳೋಕೆ ಧೈರ್ಯ ಬಂದಿರಲ್ಲ. ಪಾಪ, ತುಂಬ ಕೊರಗಿರ್ತಾರೆ. ಮುಂದಿನದು ಇಟಲಿ.

ಪರದೆಯ ಮೇಲೆ ವಾಲಿದ ಗೋಪುರ ಬಂತು. ಜನ ಚಪ್ಪಾಳೆ ತಟ್ಟಿದರು. ನೆವಿಲ್ ಡೆಸ್‌ನ ಕಡೆ ಬಾಗಿದ.

ನೆವಿಲ್: ಗಾಳಿ ಇರಬೇಕು ಡೆಸ್. ಆ ಗೇಟಿನ ಕೊಕ್ಕೆ ಹಳೇದು. ಅವತ್ತು ಗಾಳಿ ಜೋರಿತ್ತು.

ಡೆಸ್: ಭಾರೀ ಜೋರು. ನನಗೆ ಬಂದ ಟೀನೂ ಆರಿಹೋಗಿತ್ತು.